ಟಿವಿಯ ಬೆನ್ನಿಗೊಂದು ತಂತಿ

ತೀರ್ಥಹಳ್ಳಿ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು, ಆಮೇಲೆ ಮೊಬೈಲ್ ಸಿಗ್ನಲ್ಲು. ಇವೆರಡೂ ಹೇಗೋ ಉಳಿದ ದಿನ ಮಾಡಿನ ಮೇಲಿನ ಡಿಶ್ಶು ಕೈಕೊಡುತ್ತದೆ. ಸಂಜೆ ವಾರ್ತೆ ನೋಡೋಣವೆಂದು ಟಿವಿ ಹಾಕಿದರೆ ವಾರ್ತೆ ಓದುವವರ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಮಾತು ತುಂಡಾಗುತ್ತದೆ. ಬಾಯಿ ತೆರೆದದ್ದು ತೆರೆದಂತೆಯೇ ನಿಂತು, ಕೊನೆಗೆ ಸಿಗ್ನಲ್ ಇಲ್ಲವೆಂಬ ಒಂದು ಸಾಲು ಮೂಡಿ ಸುಮ್ಮನಾಗುತ್ತದೆ. ಆಗುಂಬೆ ಕಡೆಯಿಂದ ಬರುವ ಮಳೆ ಇದು. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಇಳಿದು ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅಷ್ಟು ದೂರ ಏನೂ ಆಗದೆ ಬಂದದ್ದು ಕಟ್ಟಕಡೆಯ ನಾಲ್ಕೈದು ಕಿಲೋಮೀಟರಿನ ಮಳೆಹನಿಗಳಲ್ಲಿ ಹೀರಿಹೋಗುತ್ತದೆ. ಅದಕ್ಕೇ ಜಡಿಮಳೆಯಲ್ಲಿ ಡಿಶ್ಶನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ನಮ್ಮ ಸೋದರಮಾವನ ಮನೆಯಲ್ಲಿ ಹೀಗೆ ಡಿಶ್ಶು ಹೋದ ಒಂದು ಸಂಜೆಯ ಮಾತು ಇದು. ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಕೆಲಸ ಮಳೆಯಿಂದಾಗಿ ಅರ್ಧಕ್ಕೇ ನಿಂತಿತ್ತು. ಮೈಲುತುತ್ತದ ನೀಲಿ ಬಣ್ಣ ಮಾವನ ಉಗುರಿನ ಸಂದಿಯಿಂದ ಇನ್ನೂ ಹೋಗಿರಲಿಲ್ಲ. ಅತ್ತೆ ಒಳಗೆ ಹಲಸಿನ ಹಪ್ಪಳ ಕರಿಯುತ್ತಿದ್ದರು. ಅಜ್ಜಿ ಕಂಬಳಿ ಹೊದ್ದು, ಕಾಲು ಮೇಲೆ ಮಡಿಸಿಕೊಂಡು, ಕಪ್ಪಾದ ಟಿವಿಯನ್ನೇ ನೋಡುತ್ತಾ ಕೂತಿದ್ದರು. ಮಾವನ ಮಗಳು ಪುಟ್ಟಿ ಆಫೀಸಿನ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವವಳಿದ್ದಳು.

"ಡಿಶ್ ಇಲ್ಲದಿದ್ರೆ ಬೇಡ ಅಜ್ಜಿ. ನಂಗೆ ಐದು ನಿಮಿಷ ಕೊಡು," ಎಂದು ಎದ್ದಳು.

ಆ ಮನೆಯಲ್ಲಿ ಇಂಟರ್ನೆಟ್ ಮಳೆಗೆ ಹೋಗುವುದಿಲ್ಲ. ಅದು ಬಂದ ಬಗೆಯೇ ಬೇರೆ. 2020ರಲ್ಲಿ ಕೊರೊನಾ ಬಂದು, ಬೆಂಗಳೂರಿನ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದಾಗ ಊರು ಸೇರಿದ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಎಲ್ಲರೂ ಬಲ್ಲರು. ಬೇಸಿಗೆಯಲ್ಲಿ ಮರದ ನೆರಳು, ಮಳೆಗಾಲದಲ್ಲಿ ಟಾರ್ಪಾಲಿನ ಗುಡಿಸಲು, ತೊಡೆಯ ಮೇಲೆ ಲ್ಯಾಪ್‌ಟಾಪು. ಆ ಕಷ್ಟ ಕಂಡ ಮೇಲೆ ಊರಿನ ಕೆಲವು ಮನೆಯವರು ಒಟ್ಟಾಗಿ ಫೈಬರ್ ಎಳೆಸಿದರು. ಕರೆಂಟು ಕಂಬ ಇದ್ದಲ್ಲಿ ಕಂಬ, ಇಲ್ಲದಲ್ಲಿ ಅಡಿಕೆ ಮರ, ತೋಡು ದಾಟುವಲ್ಲಿ ಮತ್ತಿ ಮರದ ಕೊಂಬೆ, ಹೀಗೆ ಬಳುಕುತ್ತಾ ಬರುವ ಕರಿಯ ದಾರ. ಅದರೊಳಗಿನ ಗಾಜಿನ ಎಳೆ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ದಪ್ಪ. ಅದರಲ್ಲಿ ಹರಿಯುವುದು ಬೆಳಕು. ಬೆಳಕಿಗೆ ಈ ಮಳೆಯ ಹಂಗಿಲ್ಲ. ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಮಾತ್ರ ಎಲ್ಲ ನಿಲ್ಲುತ್ತದೆ. ಆಗ ಲೈನಿನ ಹುಡುಗ ರೈನ್‌ಕೋಟ್ ಹಾಕಿಕೊಂಡು ಬಂದು, ಜಿಗಣೆ ಕಿತ್ತೆಸೆಯುತ್ತಾ, ತುಂಡಾದ ಎಳೆಯನ್ನು ಸಣ್ಣದೊಂದು ಯಂತ್ರದಲ್ಲಿಟ್ಟು ಬೆಸೆದು ಹೋಗುತ್ತಾನೆ. ಅವನ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ನಮ್ಮ ಊರುಗಳಲ್ಲಿ ಇನ್ನೂ ಸಿಕ್ಕಿಲ್ಲ.

ಮಾವನ ಟಿವಿ 32 ಇಂಚಿನದು. ಸ್ಮಾರ್ಟ್ ಟಿವಿ ಅಲ್ಲ. ಇಂಟರ್ನೆಟ್ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಬಂದುಹೋಗುವ ನೆಂಟರೆಲ್ಲ "ಇದನ್ನು ಕೊಟ್ಟು ಹೊಸದು ತಗೊಳ್ಳಿ" ಎನ್ನುವವರೇ. ಮಾವ ಒಪ್ಪಿರಲಿಲ್ಲ. "ಚಿತ್ರ ಬರ್ತದೆ, ಸ್ವರ ಬರ್ತದೆ, ಇನ್ನೇನು ಬೇಕು?" ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ಹುರುಳಿದೆ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಟಿವಿಯ ಮುಂಭಾಗವನ್ನು ದಿನಾ ಒರೆಸುತ್ತೇವೆ. ಹಿಂಭಾಗ ನೋಡುವವರು ಯಾರೂ ಇಲ್ಲ. ಪುಟ್ಟಿ ಮೊಬೈಲ್ ಟಾರ್ಚು ಹಾಕಿ ಗೋಡೆಗೂ ಟಿವಿಗೂ ನಡುವಿನ ಸಂದಿಯಲ್ಲಿ ಇಣುಕಿದಳು. ಜೇಡರ ಬಲೆ, ಹಲ್ಲಿ ಮೊಟ್ಟೆಯ ಎರಡು ಬಿಳಿ ಚಿಪ್ಪು, ಮಳೆಗಾಲದ ಬೂಸು ಹಿಡಿದ ಮಾರಾಟದ ಚೀಟಿ. ಅವುಗಳ ಕೆಳಗೆ ಟಿವಿಯ ಬಾಗಿಲುಗಳು ಸಾಲಾಗಿದ್ದವು. ಹಳದಿ, ಬಿಳಿ, ಕೆಂಪು ಬಣ್ಣದ ದುಂಡು ತೂತುಗಳನ್ನು ಸಿ.ಡಿ. ಪ್ಲೇಯರ್ ಇಟ್ಟುಕೊಂಡಿದ್ದ ಮನೆಯವರು ಮರೆತಿರಲಾರರು. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಿವಿಯ ಸದ್ದು, ಕೆಂಪಿನಲ್ಲಿ ಬಲಗಿವಿಯದು. ಪಕ್ಕದಲ್ಲಿ ನೀಲಿ ಬಣ್ಣದ ಅಗಲ ಬಾಯಿ, ಐದೈದರಂತೆ ಮೂರು ಸಾಲಿನಲ್ಲಿ 15 ತೂತು. ಅದು ವಿಜಿಎ. ಐಬಿಎಂ ಕಂಪನಿ 1987ರಲ್ಲಿ ತನ್ನ ಕಂಪ್ಯೂಟರಿಗೆಂದು ತಂದದ್ದು. ಅದರಲ್ಲಿ ಚಿತ್ರ ಮಾತ್ರ ಬರುತ್ತಿತ್ತು, ಸದ್ದಿಗೆ ಇನ್ನೊಂದು ತಂತಿ ಬೇಕಿತ್ತು. ಪುಟ್ಟಿ ಹುಡುಕುತ್ತಿದ್ದದ್ದು ಅದರಾಚೆಗಿನ ಪುಟ್ಟ ಬಾಯಿಯನ್ನು. ಮೇಲೆ ಅಗಲ, ಕೆಳಗೆ ಎರಡೂ ಮೂಲೆ ಓರೆಯಾಗಿ ಕತ್ತರಿಸಿದಂತಿರುವ ಎಚ್‌ಡಿಎಂಐ.

ಈ ಪುಟ್ಟ ಬಾಯಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2002ರ ಕೊನೆಗೆ ಹಿಟಾಚಿ, ಪ್ಯಾನಸೋನಿಕ್, ಫಿಲಿಪ್ಸ್, ಸೋನಿ, ತೋಶಿಬಾ, ಥಾಮ್ಸನ್ ಮತ್ತು ಸಿಲಿಕಾನ್ ಇಮೇಜ್ ಎಂಬ ಏಳು ಕಂಪನಿಗಳು ಸೇರಿ ಇದರ ಮೊದಲ ರೂಪವನ್ನು ಹೊರತಂದವು. ಅಂಗಡಿಯಲ್ಲಿ ಒಬ್ಬರಿಗೊಬ್ಬರು ಪೈಪೋಟಿಗೆ ನಿಲ್ಲುವ ಕಂಪನಿಗಳು ಒಂದು ತಂತಿಯ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದರಿಂದಲೇ ಇವತ್ತು ಯಾವ ಕಂಪನಿಯ ಲ್ಯಾಪ್‌ಟಾಪೇ ಆಗಲಿ, ಯಾವ ಕಂಪನಿಯ ಟಿವಿಗೇ ಆಗಲಿ ಕೂಡುತ್ತದೆ. ಬಾಯೊಳಗೆ 19 ಪಿನ್ನುಗಳಿವೆ. ಹೆಚ್ಚಿನವು ಚಿತ್ರವನ್ನು ಹೊರುತ್ತವೆ. ಸದ್ದಿಗೆ ಬೇರೆ ಎಳೆಯೇ ಇಲ್ಲ. ಚಿತ್ರದ ಒಂದು ಗೆರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಕ್ಷಣದ ಸಣ್ಣ ಪಾಲಿನಷ್ಟು ಬಿಡುವಿರುತ್ತದೆ. ಹಳೆಯ ಗಾಜಿನ ಕೊಳವೆಯ ಟಿವಿಗಳ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಹಿಂದಕ್ಕೆ ಬರಲೆಂದು ಬಿಟ್ಟಿದ್ದ ಬಿಡುವು ಅದು. ಎಚ್‌ಡಿಎಂಐ ಆ ಬಿಡುವಿನಲ್ಲಿ ಸದ್ದನ್ನು ತೂರಿಸಿ ಕಳಿಸುತ್ತದೆ. ಹೀಗೆ ಒಂದೇ ತಂತಿಯಲ್ಲಿ ವೇಷವೂ ಬರುತ್ತದೆ, ಚೆಂಡೆಯೂ ಬರುತ್ತದೆ.

ಲ್ಯಾಪ್‌ಟಾಪಿನ ಬದಿಗೆ ತಂತಿಯ ಒಂದು ತುದಿ ಸುಲಭವಾಗಿ ಕೂತಿತು. ಇನ್ನೊಂದು ತುದಿಯನ್ನು ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳ ತುದಿಯಲ್ಲೇ ದಾರಿ ಹುಡುಕುತ್ತಾ ಸೇರಿಸಬೇಕಾಯಿತು. ಒಮ್ಮೆ ತಲೆಕೆಳಗಾಗಿ ಹಿಡಿದಳು, ಹೋಗಲಿಲ್ಲ. ತಿರುಗಿಸಿದಳು. ಬಲ ಹಾಕಲಿಲ್ಲ, ಅದು ಒಳ್ಳೆಯದಾಯಿತು. ಎಷ್ಟೋ ಟಿವಿಗಳ ಈ ಬಾಯಿ ಹಾಳಾಗುವುದು ಒತ್ತಿ ತುರುಕುವುದರಿಂದಲೇ. ಸರಿಯಾಗಿ ಹಿಡಿದಾಗ ಅದು ತಾನಾಗಿ ಒಳಗೆ ಸರಿಯಿತು.

ಆಮೇಲಿನ ಒಂದೆರಡು ಸೆಕೆಂಡು ಪರದೆ ಕಪ್ಪಾಗಿಯೇ ಇತ್ತು. ಆ ಕಪ್ಪಿನ ಹಿಂದೆ ನಡೆಯುವ ವ್ಯವಹಾರ ನನಗೆ ಬಹಳ ಇಷ್ಟ. ತಂತಿ ಕೂತೊಡನೆ ಒಂದು ಪಿನ್ನು "ಈ ಕಡೆ ಟಿವಿ ಇದೆ" ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಆಗ ಟಿವಿಯ ವಿವರ ಕೇಳುತ್ತದೆ. ಅಗಲಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬಲ್ಲೆ, ಸದ್ದು ಕೇಳಿಸಬಲ್ಲೆಯಾ ಎಂದು. ಟಿವಿ ತನ್ನ ಹೆಸರು, ತಯಾರಕರು, ಶಕ್ತಿ ಎಲ್ಲ ಬರೆದ ಸಣ್ಣ ಪಟ್ಟಿಯೊಂದನ್ನು ಒಪ್ಪಿಸುತ್ತದೆ. ಸಂಬಂಧ ಕೂಡಿಸುವ ಮೊದಲು ಎರಡು ಮನೆಯ ಹಿರಿಯರು ಜಗಲಿಯಲ್ಲಿ ಕೂತು ಮಾತಾಡಿಕೊಂಡ ಹಾಗೆ, ಎಲ್ಲ ಹೊಂದಿದರೆ ಮಾತ್ರ ಮುಂದಿನ ಮಾತು.

ರಿಮೋಟಿನ 'ಸೋರ್ಸ್' ಗುಂಡಿ ಒತ್ತಿದಳು. ಎಚ್‌ಡಿಎಂಐ ಒಂದು, ಎಚ್‌ಡಿಎಂಐ ಎರಡು ಎಂದು ಪಟ್ಟಿ ಬಂತು. ಎರಡನೆಯದಕ್ಕೆ ಇಳಿದು 'ಓಕೆ' ಒತ್ತಿದಾಗ ಕುಂದಾದ್ರಿ ಬೆಟ್ಟದ ಫೋಟೋ ಟಿವಿಯ ತುಂಬ ಅರಳಿತು. ಅವಳ ಲ್ಯಾಪ್‌ಟಾಪಿನ ಮುಖಪರದೆ ಅದು. ಅಜ್ಜಿ ಕಂಬಳಿ ಸರಿಸಿ ಮುಂದಕ್ಕೆ ಬಾಗಿದರು. "ಇದು ನಮ್ಮ ಕುಂದಾದ್ರಿ ಅಲ್ವನೇ!"

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಹೆಚ್ಚಿನ ಮನೆಗಳಲ್ಲಿ ಈ ಪ್ರಯತ್ನ ಕೈಬಿಡುವುದು ಇಲ್ಲಿಂದ ಮುಂದಿನ ಮೂರು ತೊಡಕುಗಳಲ್ಲಿ. ಮೊದಲನೆಯದು, ಎಲ್ಲಿ ಏನು ಕಾಣಬೇಕು ಎಂಬುದು. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ 'ಪಿ' ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣಲಿ, ಎರಡರಲ್ಲೂ ಒಂದೇ ಕಾಣಲಿ, ಎರಡೂ ಸೇರಿ ಒಂದು ದೊಡ್ಡ ಪರದೆಯಾಗಲಿ, ಟಿವಿಯಲ್ಲಿ ಮಾತ್ರ ಕಾಣಲಿ. ಪುಟ್ಟಿ ಮೂರನೆಯದನ್ನು ಆರಿಸಿದಳು. ಆಫೀಸಿನ ಯಾರಾದರೂ ಮೆಸೇಜು ಕಳಿಸಿದರೆ ಅದು ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ, ಮನೆಮಂದಿಯೆದುರು ಟಿವಿಯಲ್ಲಿ ಹಾರುವುದಿಲ್ಲ.

ಎರಡನೆಯದು ಅಂಚಿನದು. ಕುಂದಾದ್ರಿಯ ನೆತ್ತಿಯ ಮೇಲಿನ ಆಕಾಶ ಸ್ವಲ್ಪ ಕತ್ತರಿಸಿಹೋಗಿತ್ತು. ಕೆಳಗಿನ ಪಟ್ಟಿ ಅರ್ಧವೇ ಕಾಣುತ್ತಿತ್ತು. ಗಾಜಿನ ಕೊಳವೆಯ ಟಿವಿಗಳಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲವಾದ್ದರಿಂದ, ಚಿತ್ರವನ್ನು ತುಸು ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಕೊಳವೆ ಹೋಯಿತು, ಆ ಪದ್ಧತಿ ಮಾತ್ರ ಉಳಿಯಿತು. ಚಪ್ಪಟೆ ಟಿವಿಗಳೂ ಹೇಳದೇ ಕೇಳದೇ ಅಂಚು ಕತ್ತರಿಸುತ್ತವೆ. ಟಿವಿಯ ಚಿತ್ರದ ಅಳತೆಯ ಆಯ್ಕೆಗಳಲ್ಲಿ ಒಂದು ಕಂಪನಿ 'ಸ್ಕ್ರೀನ್ ಫಿಟ್' ಎಂದು, ಇನ್ನೊಂದು 'ಜಸ್ಟ್ ಸ್ಕ್ಯಾನ್' ಎಂದು ಬರೆದಿರುತ್ತದೆ. ಅದನ್ನು ಆರಿಸಿದರೆ ಕಳೆದುಹೋದ ಅಂಚು ಮರಳಿ ಬರುತ್ತದೆ.

ಮೂರನೆಯದು ಸದ್ದು. ಚಿತ್ರ ಟಿವಿಯಲ್ಲಿ, ದನಿ ಲ್ಯಾಪ್‌ಟಾಪಿನಲ್ಲಿ. "ಸ್ವರ ಎಲ್ಲಿ ಹೋಯ್ತೇ?" ಎಂದರು ಅಜ್ಜಿ. ಪರದೆಯ ಮೂಲೆಯ ಸ್ಪೀಕರ್ ಗುರುತು ಒತ್ತಿ, ಲ್ಯಾಪ್‌ಟಾಪಿನ ಸ್ಪೀಕರಿನ ಬದಲು ಟಿವಿಯ ಹೆಸರನ್ನು ಆರಿಸಿದಳು. ಅಷ್ಟೇ. ಮರದ ಗೋಡೆಯ ಆ ಹಳೇ ಮನೆಗೆ ಸದ್ದು ತುಂಬಿತು.

"ಎಂತ ಹಾಕ್ಲಿ ಅಜ್ಜಿ?"

ಅಜ್ಜಿ ತಡಮಾಡಲಿಲ್ಲ. "ಚಿಟ್ಟಾಣಿಯವರ ಭಸ್ಮಾಸುರ ಸಿಗ್ತದಾ?"

ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರ ತಾಲ್ಲೂಕಿನವರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಅವರ ಕೀಚಕ, ಭಸ್ಮಾಸುರ, ದುಷ್ಟಬುದ್ಧಿಗಳನ್ನು ನೋಡಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು. 2017ರ ಅಕ್ಟೋಬರ್ 3ರಂದು ತೀರಿಕೊಂಡರು. ಅಜ್ಜಿ ಅವರ ವೇಷ ನೋಡಿದ್ದು ಡೇರೆ ಮೇಳಗಳ ಕಾಲದಲ್ಲಿ, ತೀರ್ಥಹಳ್ಳಿಯ ಬಯಲಿನಲ್ಲಿ, ಎತ್ತಿನ ಗಾಡಿಯಲ್ಲಿ ಹೋಗಿ, ಚಾಪೆ ಹಾಸಿ ಕೂತು. ಆಮೇಲೆ ಮಂಡಿ ನೋವು ಬಂತು, ರಾತ್ರಿ ಆಟಕ್ಕೆ ಹೋಗುವುದು ನಿಂತಿತು. ಮೊಮ್ಮಕ್ಕಳು ಮೊಬೈಲಿನಲ್ಲಿ ತೋರಿಸಿದ್ದುಂಟು. ಅಂಗೈಯಗಲದಲ್ಲಿ ಕುಣಿಯುವ ವೇಷ ಅವರ ಮಂಜಾದ ಕಣ್ಣಿಗೆ ಬಣ್ಣದ ಚುಕ್ಕಿಯಾಗಿಯಷ್ಟೇ ಕಂಡಿತ್ತು.

ಹುಡುಕಿದರೆ ಹಳೆಯ ಚಿತ್ರಣವೊಂದು ಸಿಕ್ಕಿತು. ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟು, ಆಮೇಲೆ ಕಂಪ್ಯೂಟರಿಗೆ ಇಳಿಸಿ ಹಾಕಿದ್ದು. ಆ ಕಾಲದ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಈಗಿನ ಟಿವಿ ಹದಿನಾರಕ್ಕೆ ಒಂಬತ್ತರದು. ಅದರಿಂದ ಎಡಬಲಕ್ಕೆ ಎರಡು ಕಪ್ಪು ಪಟ್ಟಿ ಉಳಿದವು. ಮಾವ ಎದ್ದು ರಿಮೋಟಿನಲ್ಲಿ ಏನೋ ಒತ್ತಿ ಚಿತ್ರವನ್ನು ಎಳೆದು ಪರದೆ ತುಂಬಿಸಿದರು. ಚಿಟ್ಟಾಣಿಯವರು ದಪ್ಪಗಾದರು, ಕಿರೀಟ ಅಗಲವಾಯಿತು, ಕುಣಿತ ಭಾರವಾಯಿತು. "ಇದು ಅವರಲ್ಲ, ಮೊದಲಿನ ಹಾಗೇ ಮಾಡು," ಎಂದು ಅಜ್ಜಿ ಖಂಡಿತವಾಗಿ ಹೇಳಿದರು. ಅಳತೆ ಮರಳಿತು. ಕಪ್ಪು ಪಟ್ಟಿಗಳ ನಡುವೆ ಅವರು ಮತ್ತೆ ಹಗುರವಾದರು. ಹಳೆಯ ಚಿತ್ರ ನೋಡುವವರೆಲ್ಲ ಅಜ್ಜಿಯ ಈ ಮಾತು ಕೇಳಬೇಕು. ಪಟ್ಟಿ ಇದ್ದರೆ ಇರಲಿ, ಕಲಾವಿದನ ಮೈಕಟ್ಟನ್ನು ಕೆಡಿಸಬಾರದು.

ಚಿತ್ರ ಮಸುಕು. ಕೆಂಪು ಬಣ್ಣ ಅಂಚಿನಿಂದ ಸೋರುತ್ತಿತ್ತು. ಆದರೂ ಮೋಹಿನಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಭಸ್ಮಾಸುರ ಕೊರಳು ಕೊಂಕಿಸುವುದು, ಕಣ್ಣು ಅರಳಿಸುವುದು, ಮದ್ದಳೆಯ ಒಂದು ಪೆಟ್ಟಿಗೆ ಭುಜ ಅದುರುವುದು ಎಲ್ಲ ಕಾಣುತ್ತಿತ್ತು. ಅಜ್ಜಿಯ ಬಲಗೈ ಕಂಬಳಿಯ ಮೇಲೆ ತಾಳ ಹಾಕುತ್ತಿತ್ತು. ಅತ್ತೆ ಹಪ್ಪಳದ ಬುಟ್ಟಿ ಹಿಡಿದು ಬಂದವರು ನಿಂತೇ ನೋಡಿದರು. ಮಾಡಿನ ಮೇಲಿನ ಮಳೆಯ ಸದ್ದಿಗೆ ಭಾಗವತರ ದನಿ ಕೇಳದೆ ಮಾವ ರಿಮೋಟಿನಲ್ಲಿ ಸ್ವರ ಏರಿಸುತ್ತಾ ಹೋದರು.

ಆ ಸದ್ದು ಪಕ್ಕದ ಮನೆಗೂ ಹೋಗಿರಬೇಕು. ಮರುದಿನ ತಾಳಮದ್ದಳೆಯ ನೇರಪ್ರಸಾರ ಇದೆಯೆಂದು ಗೊತ್ತಾಗಿ ಅವರೂ ಬಂದರು. ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ಮಲೆನಾಡಿನ ಮನೆ, ದೇವಸ್ಥಾನಗಳ ಜಗಲಿಯಲ್ಲಿ ತಾಳಮದ್ದಳೆ ಕೂರುವುದು ಹಿಂದಿನಿಂದ ಬಂದದ್ದು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳ ಮಾತೇ ಎಲ್ಲ. 2020ರಲ್ಲಿ ಆಟ, ಕೂಟ ಎರಡೂ ನಿಂತಾಗ ಸಂಘಟಕರು ಖಾಲಿ ಸಭಾಂಗಣದಲ್ಲಿ ಕ್ಯಾಮೆರಾ ಎದುರು ಕಲಾವಿದರನ್ನು ಕೂರಿಸಿ ಯೂಟ್ಯೂಬಿಗೆ ಹರಿಸಿದರು. ಸಭೆ ಮರಳಿ ತುಂಬಿದ ಮೇಲೂ ಕ್ಯಾಮೆರಾ ಹೋಗಲಿಲ್ಲ. ಈಗ ಪರದೆಯ ಬದಿಯಲ್ಲಿ ದುಬೈಯಿಂದ, ಮುಂಬಯಿಯಿಂದ, ಅಮೆರಿಕದಿಂದ ನಮಸ್ಕಾರಗಳು ಸಾಲಾಗಿ ಏರುತ್ತಿರುತ್ತವೆ.

ಬೆಂಗಳೂರಿನಲ್ಲಿರುವ ಪುಟ್ಟಿಯ ಅಣ್ಣನೂ ಅದೇ ಕೂಟವನ್ನು ನೋಡುತ್ತಿದ್ದ. ಫೋನಿನಲ್ಲಿ ಅವನ ಕಡೆಯ ನಗು ನಮಗೆ ಮೊದಲು ಕೇಳುತ್ತಿತ್ತು, ನಗು ಬರಿಸುವ ಮಾತು ನಮ್ಮ ಟಿವಿಗೆ ಹತ್ತಿಪ್ಪತ್ತು ಸೆಕೆಂಡು ತಡವಾಗಿ ಬರುತ್ತಿತ್ತು. ನೇರಪ್ರಸಾರವೆಂದರೂ ಅದು ಹರಿಯುವ ನೀರಲ್ಲ. ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ದಪ್ಪ, ತೆಳು ಎಂದು ಹಲವು ಗುಣಮಟ್ಟದಲ್ಲಿ ತಯಾರಿಸಿಟ್ಟಿರುತ್ತಾರೆ. ನಮ್ಮ ಕಂಪ್ಯೂಟರು ಮುಂದಿನ ಕೆಲವು ತುಂಡುಗಳನ್ನು ಮೊದಲೇ ತಂದು ಕೂಡಿಟ್ಟುಕೊಂಡು ತೋರಿಸುತ್ತದೆ. ದಾರಿ ಇಕ್ಕಟ್ಟಾದರೆ ತೆಳು ತುಂಡು ತರುತ್ತದೆ, ಚಿತ್ರ ಮಸುಕಾಗುತ್ತದೆ. ದಾರಿ ತೆರೆದರೆ ಮತ್ತೆ ನಿಚ್ಚಳ. ಕೂಡಿಟ್ಟದ್ದು ಪೂರಾ ಮುಗಿದರೆ ಮಾತ್ರ ಆ ಸುತ್ತುವ ಬಳೆ. ಸೆಕೆಂಡಿಗೆ ಐದು ಮೆಗಾಬಿಟ್ ಸಿಕ್ಕರೆ 32 ಇಂಚಿನ ಟಿವಿಗೆ ಬೇಕಾದಷ್ಟಾಯಿತು.

ತಂತಿ ಇಲ್ಲದೆಯೂ ಇದನ್ನು ಮಾಡಬಹುದು. ಗೂಗಲ್ 2013ರಲ್ಲಿ ಕ್ರೋಮ್‌ಕಾಸ್ಟ್ ತಂದ ಮೇಲೆ ಟಿವಿಗೆ ಸಿಕ್ಕಿಸುವ ಕಡ್ಡಿಗಳು ಬಗೆಬಗೆಯವು ಬಂದಿವೆ, ಅವೂ ಒಳ್ಳೆಯವೇ. ಆದರೆ ಎಲ್ಲ ಕಡೆ ಲಾಗಿನ್, ಪಾಸ್‌ವರ್ಡು, ಅಪ್‌ಡೇಟು. ಹಳೆಯ ಲ್ಯಾಪ್‌ಟಾಪೊಂದು ಮನೆಯಲ್ಲಿ ಬಿದ್ದಿದ್ದರೆ ತಂತಿಯೇ ಮೇಲು ಎಂಬುದು ನನ್ನ ಅನುಭವ. ಗಾಜಿನ ಕೊಳವೆಯ ಟಿವಿ ಇಟ್ಟುಕೊಂಡವರಿಗೆ ಎಚ್‌ಡಿಎಂಐಯನ್ನು ಹಳದಿ, ಬಿಳಿ, ಕೆಂಪಿಗೆ ಬದಲಿಸುವ ಪುಟ್ಟ ಡಬ್ಬಿಗಳು ಸಿಗುತ್ತವೆ. ಚಿತ್ರ ಬರುತ್ತದೆ, ಅಕ್ಷರ ಓದಲಾಗುವುದಿಲ್ಲ. ಹಣ ಕೊಟ್ಟು ನೋಡುವ ಸಿನಿಮಾಗಳು ಆ ಡಬ್ಬಿಯಲ್ಲಿ ಬರದೆ ಪರದೆ ಕಪ್ಪಾಗುವುದೂ ಉಂಟು. ನಕಲು ತಡೆಯಲು ತಂತಿಯಲ್ಲೇ ಒಂದು ಬೀಗದ ಏರ್ಪಾಡಿದೆ, ಡಬ್ಬಿಗೆ ಅದರ ಕೀಲಿ ತಿಳಿದಿರುವುದಿಲ್ಲ.

ಗುಡುಗಿನ ದಿನಗಳಲ್ಲಿ ಮಾತ್ರ ಜಾಗ್ರತೆ ಬೇಕು. ಸಿಡಿಲು ಬಂದಾಗ ಟಿವಿಯ ಪ್ಲಗ್ಗು ಕೀಳುವುದು ಮಲೆನಾಡಿನವರಿಗೆ ರೂಢಿ. ಈಗ ಈ ತಂತಿಯನ್ನೂ ಕೀಳಬೇಕು. ಇಲ್ಲದಿದ್ದರೆ ಒಂದಕ್ಕೆ ಹೊಡೆದದ್ದು ತಂತಿಯ ದಾರಿಯಲ್ಲಿ ಇನ್ನೊಂದಕ್ಕೂ ಹೊಡೆಯುತ್ತದೆ.

ಎಂಬತ್ತರ ದಶಕದಲ್ಲಿ ಈ ಊರಿಗೆಲ್ಲ ಇದ್ದದ್ದು ಒಂದೋ ಎರಡೋ ಟಿವಿ. ಶಂಕರನಾಗ್ ಅವರು ಇದೇ ತಾಲ್ಲೂಕಿನ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಕಾಲ. 1987ರಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಗ್ಗೆ ಟಿವಿ ಇದ್ದ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಬ್ಬ ಅಡಿಕೆ ಮರಕ್ಕೆ ಕಟ್ಟಿದ ಆಂಟೆನಾ ತಿರುಗಿಸುತ್ತಿದ್ದ, ಒಳಗಿನವರು "ಬಂತು, ಬಂತು, ಹೋಯ್ತು" ಎಂದು ಕೂಗುತ್ತಿದ್ದರು. ಆಮೇಲೆ ಮನೆಗೊಂದು ಟಿವಿ ಬಂತು, ಆಮೇಲೆ ಕೈಗೊಂದು ಮೊಬೈಲು. ಈಗ ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಮೂಲೆಯಲ್ಲಿ, ಕಿವಿಗೆ ತುರುಕಿಕೊಂಡು, ತಮಗೆ ಬೇಕಾದ್ದನ್ನು ತಾವೇ ನೋಡುತ್ತಾರೆ. ಇದರಲ್ಲಿ ಹೆಚ್ಚು ನಷ್ಟವಾದದ್ದು ವಯಸ್ಸಾದವರಿಗೆ. ಅವರಿಗೆ ಬೇಕಾದ ಪ್ರಸಂಗ, ಹರಿಕಥೆ, ಹಳೇ ಸಿನಿಮಾ ಎಲ್ಲ ಇಂಟರ್ನೆಟ್ಟಿನಲ್ಲಿ ಇದೆ. ಅಲ್ಲಿಗೆ ಕೈ ಹಾಕುವುದು ಅವರಿಗೆ ಗೊತ್ತಿಲ್ಲ, ಆ ಸಣ್ಣ ಪರದೆ ಅವರ ಕಣ್ಣಿಗೆ ಸಾಲದು.

ಪುಟ್ಟಿ ಬೆಂಗಳೂರಿಗೆ ಹೊರಡುವ ಮುಂಚೆ ತನ್ನ ಹಳೆಯ ಲ್ಯಾಪ್‌ಟಾಪನ್ನು ಟಿವಿಯ ಕೆಳಗೇ ಇಟ್ಟಳು. ಅಕ್ಷರಗಳನ್ನು ದೊಡ್ಡದು ಮಾಡಿದಳು. ಅಜ್ಜಿಗೆ ಬೇಕಾದವನ್ನೆಲ್ಲ ತೆರೆದೊಡನೆ ಕಾಣುವಂತೆ ಸಾಲಾಗಿ ಜೋಡಿಸಿದಳು. ತಂತಿಯಿಲ್ಲದ ಮೌಸು ತಂದಳು, ಕುರ್ಚಿಯ ಕೈ ಮೇಲೇ ಆಡಿಸಬಹುದು. ರಿಮೋಟಿನ ಸೋರ್ಸ್ ಗುಂಡಿಯ ಮೇಲೆ ಕುಂಕುಮ ಬಣ್ಣದ ಉಗುರುಬಣ್ಣದ ಬೊಟ್ಟಿಟ್ಟಳು. ಆಮೇಲೆ ಎಲ್ಲ ಕಿತ್ತು, ಅತ್ತೆಯ ಕೈಯಿಂದಲೇ ಮತ್ತೆ ಮೊದಲಿಂದ ಮಾಡಿಸಿದಳು, ತಾನು ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಈಗ ಅತ್ತೆಯೇ ಪಕ್ಕದ ಮನೆಯವರಿಗೆ ಕಲಿಸುತ್ತಿದ್ದಾರೆ.

ಚೌತಿಗೋ ದೀಪಾವಳಿಗೋ ನೀವೂ ಊರಿಗೆ ಹೋಗುತ್ತೀರಿ. ಹೊಸ ಟಿವಿ ಕೊಡಿಸುವ ಮಾತೆತ್ತುವ ಮೊದಲು ಇರುವ ಟಿವಿಯ ಹಿಂದೆ ಟಾರ್ಚು ಹಾಕಿ ನೋಡಿ. ಆ ಪುಟ್ಟ ಬಾಯಿ ಇದ್ದರೆ ಇನ್ನೂರು ಮುನ್ನೂರು ರೂಪಾಯಿಯ ತಂತಿ ಸಾಕು. ಕುರ್ಚಿಯವರೆಗೆ ಬರುವಷ್ಟು ಉದ್ದದ್ದು ಕೊಳ್ಳಿ, ಐದು ಮೀಟರಿಗಿಂತ ಉದ್ದ ಬೇಡ. ಏನು ನೋಡಬೇಕೆಂದು ಹಿರಿಯರನ್ನೇ ಮೊದಲು ಕೇಳಿ. ಒಂದು ಸಂಜೆ ಅವರ ಜೊತೆ ಕೂತು ನೋಡಿ, ಅವರ ಕೈಯಿಂದಲೇ ಎಲ್ಲ ಮಾಡಿಸಿ. ವಾಪಸ್ ಬರುವಾಗ ಆ ತಂತಿಯನ್ನು ಬ್ಯಾಗಿಗೆ ಹಾಕಿಕೊಂಡು ಬರಬೇಡಿ, ಅಲ್ಲೇ ಬಿಟ್ಟು ಬನ್ನಿ.